ಸುಬಾಂಗ್ ಜಯಾದಿಂದ ಗಟ್ಟಿಮೇಳ

ಎರಡು ಸಾವಿರದ ಇಪ್ಪತ್ತನೇ ಇಸವಿಯ ಮಾರ್ಚಿನಲ್ಲಿ ಮಲೇಷ್ಯಾದ ಸಮಸ್ತ ಪ್ರಜೆಗಳೂ ಮನೆ ಸೇರಿ ಬಾಗಿಲು ಹಾಕಿಕೊಂಡದ್ದು ಕೊರೋನಾಕ್ಕೆ ಹೆದರಿ ಎಂದು ನೀವು ನಂಬಿದ್ದೀರಿ. ಪತ್ರಿಕೆಗಳೂ ಹಾಗೆಯೇ ಬರೆದವು, ಪಾಪ. ನಿಜ ಸಂಗತಿ ಬೇರೆ. ಅವರೆಲ್ಲ ಮನೆಯಲ್ಲಿ ಕೂತದ್ದು ನನ್ನ ಸ್ಯಾಕ್ಸೊಫೋನ್ ಕೇಳಲಿಕ್ಕೆ. ಮಾಲುಗಳು ಬಾಗಿಲೆಳೆದವು, ಎಲ್‌ಆರ್‌ಟಿ ರೈಲು ಖಾಲಿ ಡಬ್ಬಿಗಳನ್ನು ಹೊತ್ತು ಸದ್ದಿಲ್ಲದೆ ಓಡಾಡಿತು, ನನ್ನ ಶ್ರುತಿಗೆ ಅಡ್ಡಿಯಾಗಬಾರದೆಂದು ವಿಮಾನಗಳು ನೆಲಕ್ಕಿಳಿದು ರೆಕ್ಕೆ ಮುದುರಿ ಕೂತವು. ಒಬ್ಬ ಕಲಾವಿದನಿಗಾಗಿ ಒಂದು ಇಡೀ ದೇಶ ಇಷ್ಟು ಮಾಡಿದ ಉದಾಹರಣೆ ಇತಿಹಾಸದಲ್ಲಿ ಇನ್ನೊಂದಿದ್ದರೆ ತೋರಿಸಿ, ನಾನು ಊದುವುದನ್ನೇ ಬಿಡುತ್ತೇನೆ.

ನನ್ನ ಹೆಸರು ನಂಜುಂಡಪ್ಪ. ಊರು ಮೈಸೂರು. ಇರುವುದು ಕೌಲಾಲಂಪುರದ ಮಗ್ಗುಲಿನ ಸುಬಾಂಗ್ ಜಯಾದಲ್ಲಿ, ಒಂದು ಎತ್ತರದ ಕಟ್ಟಡದ ಏಳನೇ ಮಹಡಿಯಲ್ಲಿ. ಹೊಟ್ಟೆಪಾಡು ಸೈಬರ್‌ಜಯಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಅಲ್ಲಿ ನಾವು ಮಾಡುತ್ತಿದ್ದುದು ಒಂದು ಜರಡಿ. ಜನ ಕಂಪ್ಯೂಟರಿನಲ್ಲಿ ಮುಖ ನೋಡಿಕೊಂಡು ಮಾತಾಡುವಾಗ ಹಿಂದಿನಿಂದ ಬರುವ ಫ್ಯಾನು, ನಾಯಿ, ಕುಕ್ಕರು, ಅಳುವ ಮಗು ಇವುಗಳ ಸದ್ದನ್ನು ಸೋಸಿ ಎಸೆದು, ಮಾತನ್ನು ಮಾತ್ರ ಆಚೆ ಕಳಿಸುವ ಜರಡಿ. ಯಾವ ಗಲಾಟೆ ಹೇಗಿರುತ್ತದೆಂದು ನಾವು ಮೊದಲೇ ಅದಕ್ಕೆ ಕೇಳಿಸಿ ಕಲಿಸಿಡಬೇಕು. ಕಲಿಸಿದ್ದನ್ನು ಅದು ಕತ್ತು ಹಿಡಿದು ನೂಕುತ್ತದೆ. ಕಲಿಸದ್ದನ್ನು ಮರ್ಯಾದಸ್ಥ ನೆಂಟನೆಂದು ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ಇಡೀ ಏಷ್ಯಾಖಂಡದಲ್ಲಿ ಗಲಾಟೆಯನ್ನು ನನ್ನಷ್ಟು ಬಲ್ಲವನು ಇನ್ನೊಬ್ಬನಿಲ್ಲ ಎಂದು ನಾನು ಹೇಳಿದರೆ ನನ್ನ ಹೆಂಡತಿ ಸ್ವರ್ಣಲತಾ ಕೂಡ ಕೂಡಲೇ ಒಪ್ಪಿಕೊಳ್ಳುತ್ತಾಳೆ. ಅವಳು ಒಪ್ಪಿಕೊಂಡ ನನ್ನ ಮಾತು ಇದೊಂದೇ.

ಸ್ವರ್ಣಲತಾ ಉಡುಪಿಯವಳು. ಅವರ ಕಡೆ ದೇವಸ್ಥಾನದಲ್ಲಿ, ಮದುವೆಯಲ್ಲಿ ನಾಗಸ್ವರದ ಜಾಗದಲ್ಲಿ ಸ್ಯಾಕ್ಸೊಫೋನ್ ಊದುತ್ತಾರೆ. ನಮ್ಮ ಮದುವೆಯಲ್ಲೂ ಊದಿದ್ದರು. ಅಂದು ಮಂಟಪದಲ್ಲೇ ನಾನು ಹುಡುಗಿಗಿಂತ ಹೆಚ್ಚಾಗಿ ಆ ವಾದ್ಯವನ್ನು ನೋಡಿದೆನೆಂದು ಅವಳ ದೂರು. ಮಲೇಷ್ಯಾಕ್ಕೆ ಬಂದ ಮೇಲೆ ಕೈಯಿಂದ ಕೈಗೆ ದಾಟಿ ಬಂದ ಒಂದು ಸ್ಯಾಕ್ಸೊಫೋನನ್ನು ಕೊಂಡೆ. ಗುರುವಿಲ್ಲ, ಪಾಠವಿಲ್ಲ. ಪ್ರತಿಭೆಗೆ ಅವೆಲ್ಲ ಬೇಕಾಗಿಲ್ಲ.

"ಎಂತ ಮಾರಾಯ್ರೆ, ಅದು ಉಸಿರಾಡ್ಲಿಕ್ಕೆ ಒದ್ದಾಡುದು ಕೇಳ್ತದಾ ನಿಮ್ಗೆ? ಒಮ್ಮೆ ಕೆಳಗಿಡಿ. ಅದಕ್ಕೂ ಜೀವ ಉಂಟಲ್ಲಾ?" ಎಂಬುದು ಸ್ವರ್ಣಲತಾಳ ವಿಮರ್ಶೆ. ಮನೆಯವರು ಕಲಾವಿದನನ್ನು ಗುರುತಿಸುವುದು ಯಾವಾಗಲೂ ತಡ.

ಊರಿನ ನೆಂಟರು ಮಾತ್ರ ಗುರುತಿಸಿದ್ದರು. ಗುರುತಿಸುವಂತೆ ನಾನೇ ನೋಡಿಕೊಂಡಿದ್ದೆ. "ಕೌಲಾಲಂಪುರದಲ್ಲಿ ನನ್ನ ಸ್ಯಾಕ್ಸೊಫೋನಿಲ್ಲದೆ ಒಂದು ಮದುವೆ ನಡೆಯಲ್ಲ. ಎರಡು ಮುಹೂರ್ತ ಒಂದೇ ದಿನ ಬಂದರೆ ಹೆಲಿಕಾಪ್ಟರ್ ಕಳಿಸ್ತಾರೆ" ಎಂದು ಪ್ರತಿ ಸಂಕ್ರಾಂತಿಗೂ ಫೋನಿನಲ್ಲಿ ಹೇಳುತ್ತಿದ್ದೆ. ನಾನಿರುವುದು ಸಮುದ್ರದಾಚೆ. ಯಾರು ಬಂದು ನೋಡುತ್ತಾರೆ?

ಯಾರೂ ಬರಲಿಲ್ಲ. ಕೊರೋನಾ ಬಂತು. ಅದರ ಹಿಂದೆಯೇ ಜಯಮಾಲಕ್ಕನ ಫೋನು ಬಂತು.

ಜಯಮಾಲಾ ನನ್ನ ಸ್ವಂತ ಅಕ್ಕ. ಅವಳ ಮಗಳು ಚೈತನ್ಯಾಳ ಮದುವೆ ಮೇ ತಿಂಗಳ ಕೊನೆಗೆ ನಿಶ್ಚಯವಾಗಿತ್ತು. ಛತ್ರ ರದ್ದಾಗಿ, ಮನೆಯ ಮಹಡಿಯ ಮೇಲೆ ಚಪ್ಪರ ಹಾಕಿ ಐವತ್ತೇ ಜನರಲ್ಲಿ ಮುಗಿಸಬೇಕಾಗಿತ್ತು.

"ಲೋ ನಂಜ, ಬರಕ್ಕಾಗೋದೇ ಇಲ್ವೇನೋ?"

"ವಿಮಾನ ಇಲ್ಲಕ್ಕ. ಒಂದು ಇದ್ದಿದ್ರೂ ಪೈಲಟ್‌ನ ಪಕ್ಕಕ್ಕೆ ಸರಿಸಿ ನಾನೇ ಓಡಿಸ್ಕೊಂಡು ಬರ್ತಿದ್ದೆ."

"ಹುಡುಗೀನ ಮಂಟಪಕ್ಕೆ ಕರ್ಕೊಂಡು ಬರಬೇಕಾದೋನು ಸೋದರಮಾವ. ಅವಳಿಗಿರೋದು ನೀನೊಬ್ಬನೇ." ಅಕ್ಕ ಹೀಗೆ ಎರಡು ಮಾತು ಮೆತ್ತಗೆ ಆಡಿದರೆ ಮೂರನೆಯ ಮಾತಿಗೆ ಯಾವುದೋ ಕೆಲಸ ಹೇಳುತ್ತಾಳೆಂದು ನನಗೆ ಬಾಲ್ಯದಿಂದಲೂ ಗೊತ್ತು. "ವಾಲಗದೋರು ನಾಲ್ಕು ಜನ ಕಣೋ. ಆ ನಾಲ್ಕು ಜಾಗಕ್ಕೆ ನಮ್ಮತ್ತೆ ಕಡೆಯ ನಾಲ್ಕು ಮುದುಕೀರು ಕಾದು ಕೂತವ್ರೆ. ಅವರನ್ನ ಬಿಡಂಗಿಲ್ಲ. ವಾಲಗ ಬಿಟ್ಟಾಯ್ತು."

"ಮೊಬೈಲಲ್ಲಿ ಹಾಕ್ಬಿಡಕ್ಕ."

"ನಮ್ಮತ್ತೆ ಬಿಡ್ತಾರಾ? 'ಜೀವ ಇರೋ ಮನುಷ್ಯ ಊದಬೇಕು, ಡಬ್ಬಿ ಊದಿದ್ರೆ ಅದು ಗಟ್ಟಿಮೇಳ ಅಲ್ಲ' ಅಂತಾರೆ. ಆ ಸೀನಿನ ವಿಷಯ ನಿಂಗೊತ್ತಲ್ಲ."

ಗೊತ್ತು. ನಮ್ಮ ವಂಶದಲ್ಲಿ ಆ ಸೀನು ಗೊತ್ತಿಲ್ಲದವರಿಲ್ಲ. ಅಕ್ಕನ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಕೈಯೆತ್ತಿ "ಗಟ್ಟಿಮೇಳ!" ಎಂದು ಕೂಗಿದರು. ಆ ಗಳಿಗೆಯಲ್ಲಿ ಯಾವ ಅಪಶಕುನದ ಸದ್ದೂ ಕಿವಿಗೆ ಬೀಳದಂತೆ ವಾಲಗದವರು ಆಕಾಶ ಹರಿಯುವ ಹಾಗೆ ಬಾರಿಸಬೇಕು. ವಾಲಗದವರು ಉಪ್ಪಿಟ್ಟು ತಿನ್ನಲು ಹೋಗಿದ್ದರು. ಛತ್ರ ನಿಶ್ಶಬ್ದವಾಯಿತು. ಆ ನಿಶ್ಶಬ್ದದೊಳಗೆ, ತಾಳಿ ಕೊರಳನ್ನು ಮುಟ್ಟುವ ಸರಿಯಾದ ಕ್ಷಣಕ್ಕೆ, ಅಕ್ಕನ ಗಂಡನ ಅಣ್ಣ ಜನಾರ್ದನ ಭಾವ ಸೀನಿದರು. ಹೋಮದ ಹೊಗೆ ಅವರಿಗೆ ಆಗದು. ಚಪ್ಪರದ ಮಾವಿನೆಲೆ ಉದುರಿತೆಂದು ಹೇಳುತ್ತಾರೆ. ನಾನು ಅಲ್ಲೇ ಇದ್ದವನು, ಚಪ್ಪರವೇ ಅರ್ಧ ಅಡಿ ಜರುಗಿತು.

ಅಕ್ಕನ ಅತ್ತೆ ತುಂಗಮ್ಮನವರು ಅಂದಿನಿಂದ ಆ ಸೀನನ್ನು ಬಿಡಲಿಲ್ಲ. ಹಾಲು ಒಡೆದರೆ, ಮೋಟಾರು ಸುಟ್ಟರೆ, ಮಾವನವರಿಗೆ ಮಂಡಿ ನೋವು ಬಂದರೆ, ಎಲ್ಲಕ್ಕೂ ಒಂದೇ ಮಾತು: "ತಾಳಿ ಕಟ್ಟೋವಾಗ್ಲೇ ಸೀನು ಬಿತ್ತಲ್ಲ, ಇನ್ನೇನಾಗತ್ತೆ!" ಇದನ್ನು ಕೇಳುತ್ತ ಕೇಳುತ್ತ ಅಕ್ಕನ ಕೂದಲು ನೆರೆತಿತ್ತು.

"ಜನಾರ್ದನ ಭಾವ ಮದುವೆಗೆ ಬರ್ತಾರೆ ನಂಜ. ಮದುಮಗಳ ದೊಡ್ಡಪ್ಪ, ಬೇಡ ಅನ್ನಕ್ಕಾಗತ್ತಾ? ಈಗ ಮೊದಲೇ ಕೊರೋನಾ ಕಾಲ. ಅವರು ಸೀನಿದ್ರೆ ಅಪಶಕುನ ಒಂದೇ ಅಲ್ಲ, ಐವತ್ತು ಜನಾನೂ ಎದ್ದು ಓಡಿಹೋಗ್ತಾರೆ. ನಾನು ತಿಂದ ಮಾತು ನನ್ನ ಮಗಳು ತಿನ್ನಬಾರದು ಕಣೋ. ನೀನು ಕೌಲಾಲಂಪುರದಲ್ಲಿ ಅಷ್ಟೊಂದು ಮದುವೆಗೆ ಊದ್ತೀಯಲ್ಲ, ನಿನ್ನ ಸೊಸೆ ಮದುವೆಗೆ ಅಲ್ಲಿಂದಲೇ ಊದು. ನಾವು ಇಲ್ಲಿ ದೊಡ್ಡ ಟೀವಿಗೆ ಸ್ಪೀಕರ್ ಹಾಕ್ತೀವಿ."

ನಾನು ಒಂದು ಕ್ಷಣವೂ ತಡಮಾಡಲಿಲ್ಲ. "ಅಷ್ಟೇನಾ? ಜನಾರ್ದನ ಭಾವ ಅಲ್ಲ, ಆನೆ ಸೀನಿದ್ರೂ ಕೇಳಿಸದ ಹಾಗೆ ಊದ್ತೀನಿ" ಎಂದೆ.

ಫೋನಿಟ್ಟ ಮೇಲೆ ಸ್ವರ್ಣಲತಾ ಸೌಟು ಹಿಡಿದು ನನ್ನ ಮುಂದೆ ನಿಂತಳು. "ನಿಮ್ಗೆ ಒಂದು ರಾಗ ಬರ್ತದಾ?"

"ಗಟ್ಟಿಮೇಳಕ್ಕೆ ರಾಗ ಯಾಕೆ? ಸಂಗೀತಶಾಸ್ತ್ರದಲ್ಲಿ ಬರೀ ಜೋರಾಗಿದ್ದರೆ ಸಾಕು ಅನ್ನೋ ಪ್ರಕಾರ ಅದೊಂದೇ. ನನಗಾಗಿಯೇ ಹುಟ್ಟಿದ್ದು" ಎಂದೆ.

ಮರುದಿನದಿಂದ ಬಾಲ್ಕನಿಯಲ್ಲಿ ಅಭ್ಯಾಸ ಶುರುವಾಯಿತು. ಆಫೀಸು ಮನೆಗೇ ಬಂದಿದ್ದರಿಂದ ಬಿಡುವಿರಲಿಲ್ಲ. ಮೀಟಿಂಗಿನ ನಡುವೆಯೂ ಊದಿದೆ. ನನ್ನ ಸಹೋದ್ಯೋಗಿಗಳು ಎಂಥ ಸುಸಂಸ್ಕೃತರೆಂದರೆ, ಮೈಕು ತೆರೆದಿದ್ದರೂ ಒಬ್ಬರಾದರೂ ಹುಬ್ಬು ಗಂಟಿಕ್ಕಲಿಲ್ಲ. ನಮ್ಮ ತಂಡದ ಮುಖ್ಯಸ್ಥ ಸುಮಂತ, ಮಣಿಪಾಲದ ಹುಡುಗ, ನನಗೆ ಆಗ ಅಡುಗೆಮನೆಯ ಪಾತ್ರೆ ಬಡಿಯುವ ಸದ್ದುಗಳನ್ನು ಜರಡಿಗೆ ಕಲಿಸುವ ಕೆಲಸ ಕೊಟ್ಟಿದ್ದ. ಅದನ್ನೂ ಬೇಗನೆ ಮುಗಿಸಿ ಕಳಿಸಿದೆ. ಹೇಗೆ ಮುಗಿಸಿದೆ ಎನ್ನುವುದು ಈ ಕಥೆಗೆ ಅಷ್ಟು ಮುಖ್ಯವಲ್ಲ.

ಮೊದಲನೆಯ ದಿನ ನಾನು ಉಸಿರು ತುಂಬಿ ಒಂದು ದೊಡ್ಡ ಊದು ಊದಿ ನಿಲ್ಲಿಸಿದಾಗ, ಮೇಲಿನ ಬಾಲ್ಕನಿಯಿಂದ ಠಣ್ ಠಣ್ ಠಣ್ ಎಂದು ಸದ್ದು ಬಂತು. ಹೊರಗೆ ಬಾಗಿ ಕತ್ತೆತ್ತಿ ನೋಡಿದೆ. ಎಂಟನೇ ಮಹಡಿಯ ಅಂಕಲ್ ಲಿಮ್, ನಿವೃತ್ತ ಚೀನೀ ಮೇಷ್ಟ್ರು, ಕಬ್ಬಿಣದ ಬಾಣಲೆಯನ್ನು ಕಟಕಟೆಯ ಹೊರಗೆ ಹಿಡಿದು ಸೌಟಿನಿಂದ ಬಾರಿಸುತ್ತಿದ್ದರು. ಮುಖ ಕೆಂಪಾಗಿತ್ತು. ಭಾವೋದ್ವೇಗ!

ನನಗೆ ತಟ್ಟನೆ ಅರ್ಥವಾಯಿತು. ಆಗಷ್ಟೇ ನಮ್ಮ ದೇಶದಲ್ಲಿ ಜನರೆಲ್ಲ ಬಾಲ್ಕನಿಗೆ ಬಂದು ತಟ್ಟೆ, ಜಾಗಟೆ ಬಡಿದು ಡಾಕ್ಟರು, ದಾದಿಯರಿಗೆ ಕೃತಜ್ಞತೆ ಹೇಳಿದ್ದರು. ಜಯಮಾಲಕ್ಕ ಅನ್ನದ ತಪ್ಪಲೆಗೆ ಲಟ್ಟಣಿಗೆಯಲ್ಲಿ ಬಾರಿಸುವ ವಿಡಿಯೊ ನನ್ನ ಫೋನಿನಲ್ಲೇ ಇತ್ತು. ಆ ಪದ್ಧತಿ ಸಮುದ್ರ ದಾಟಿ ಸುಬಾಂಗ್ ಜಯಾಕ್ಕೂ ಬಂದಿದೆ! ಅಲ್ಲಿ ಡಾಕ್ಟರಿಗೆ, ಇಲ್ಲಿ ನನಗೆ. ನಾನು ಎದೆಯ ಮೇಲೆ ಕೈಯಿಟ್ಟು ಬಾಗಿ ನಮಸ್ಕರಿಸಿದೆ. ಅಂಕಲ್ ಲಿಮ್ ಇನ್ನೂ ಜೋರಾಗಿ ಬಡಿದರು. ನಾನು ಇನ್ನೂ ಬಾಗಿದೆ. ಅವರು ಇನ್ನೂ ಬಡಿದರು. ಕಲಾವಿದ ಮತ್ತು ರಸಿಕರ ನಡುವೆ ಇಂಥ ಪೈಪೋಟಿ ನಾನು ಬೇರೆಲ್ಲೂ ಕಂಡಿಲ್ಲ.

ಮೂರನೆಯ ದಿನಕ್ಕೆ ಪಕ್ಕದ ಮನೆಯ ಪಾರ್ವತಿ ಅಕ್ಕ ಸೇರಿಕೊಂಡರು. ಅವರು ಇಲ್ಲಿಯೇ ಹುಟ್ಟಿ ಬೆಳೆದ ತಮಿಳರು, ಬಾಲವಾಡಿ ನಡೆಸುತ್ತಿದ್ದವರು. ಅವರದು ಸ್ಟೀಲ್ ತಟ್ಟೆ. ವಾರ ಕಳೆಯುವುದರೊಳಗೆ ಕೆಳಗಿನವರದು ಬಕೆಟ್ಟು, ಎದುರು ಬ್ಲಾಕಿನವರದು ಪಾತ್ರೆಯ ಮುಚ್ಚಳ. ನಾನು ಪೀಪಿಯನ್ನು ತುಟಿಗಿಟ್ಟರೆ ಸಾಕು, ಇಡೀ ಕಟ್ಟಡ ಲಯಕ್ಕೆ ಬರುತ್ತಿತ್ತು.

"ಬೈತಾ ಇದ್ದಾರೆ ಮಾರಾಯ್ರೆ!" ಎಂದಳು ಸ್ವರ್ಣಲತಾ.

"ಬೈಯೋರು ತಾಳದಲ್ಲಿ ಬೈತಾರಾ?"

ಋಣ ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಮೈಸೂರುಪಾಕು ಮಾಡಿಸಿ, ಡಬ್ಬಿಯಲ್ಲಿಟ್ಟು, ಅಂಕಲ್ ಲಿಮ್ ಅವರ ಬಾಗಿಲ ಹಿಡಿಗೆ ತೂಗುಹಾಕಿ ಬಂದೆ. ಮರುದಿನ ಅದೇ ಡಬ್ಬಿ ನನ್ನ ಬಾಗಿಲ ಹಿಡಿಗೆ ತೂಗುತ್ತಿತ್ತು. ಒಳಗೆ ತುಂಬ ಹತ್ತಿ.

"ನೋಡು," ಎಂದೆ ಹೆಂಡತಿಗೆ, "ವಾದ್ಯ ಒರೆಸಿಕೊಳ್ಳಲಿ ಅಂತ ಹತ್ತಿ ಕಳಿಸಿದ್ದಾರೆ. ಚೀನೀಯರು ಎಷ್ಟು ಸೂಕ್ಷ್ಮಜ್ಞರು!"

"ಅದು ಕಿವಿಗೆ ತುರುಕುವ ಹತ್ತಿ. ಅವರ ಕಿವಿಯಲ್ಲಿ ಉಳಿದದ್ದು ನಿಮ್ಗೆ ಕಳಿಸಿದ್ದು."

ಅವಳು ಆ ಹತ್ತಿಯಲ್ಲಿ ಸ್ವಲ್ಪ ತೆಗೆದುಕೊಂಡು ಹೋದದ್ದನ್ನು ನಾನು ಗಮನಿಸಿದೆ. ದೀಪದ ಬತ್ತಿಗಿರಬೇಕು.

ಇಷ್ಟಾಗುವ ಹೊತ್ತಿಗೆ ಕಟ್ಟಡದ ಆಡಳಿತ ಕಚೇರಿಯಿಂದ ಅಜ್ಮಾನ್ ಸಾಹೇಬರು ಬಂದರು. ಸಾಧು ಮನುಷ್ಯ. ಮುಖಕ್ಕೆ ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ ಪರದೆ, ಕೈಗೆ ಗವಸು. ಬಾಗಿಲಿನಿಂದ ದೂರ ನಿಂತು, ಚಂದ್ರನಿಂದ ಮಾತಾಡುವವರಂತೆ ಮಾತಾಡಿದರು.

"ಮಿಸ್ಟರ್ ನಂಜುಂಡಾ, ದಿಸ್ ಟ್ರಂಪೆಟ್ ಕೆನಾಟ್ ಲಾ. ಮೆನಿ ಕಂಪ್ಲೇಂಟ್ಸ್." ಮಾತಿನ ಬಾಲಕ್ಕೆ ಒಂದು 'ಲಾ' ಕಟ್ಟುವುದು ಇಲ್ಲಿಯವರ ರೂಢಿ.

"ಮೊದಲನೆಯದಾಗಿ ಇದು ಟ್ರಂಪೆಟ್ ಅಲ್ಲ, ಸ್ಯಾಕ್ಸೊಫೋನ್," ಎಂದು ಅವರ ಇಂಗ್ಲಿಷಿಗೆ ನನ್ನ ಇಂಗ್ಲಿಷಿನಲ್ಲಿ ಕೆಚ್ಚಿನಿಂದಲೇ ಹೇಳಿದೆ. "ಎರಡನೆಯದಾಗಿ, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದು ಅಂತ ನಿಮ್ಮ ನಿಯಮದಲ್ಲಿದೆ. ಊದಬಾರದು ಅಂತ ಎಲ್ಲಿದೆ, ತೋರಿಸಿ."

ಅಜ್ಮಾನ್ ಸಾಹೇಬರು ಯೋಚಿಸಿದರು. ನಿಯಮ ಬರೆದವರ ಕಲ್ಪನಾಶಕ್ತಿ ನನ್ನವರೆಗೆ ಬಂದಿರಲಿಲ್ಲ. "ನಾಯ್ಸ್ ಒಂದೇ ಅಲ್ಲ. ನೀವು ಊದ್ತೀರಿ, ಗಾಳಿ ಬರುತ್ತೆ. ಗಾಳಿಯಲ್ಲಿ ವೈರಸ್ ಬರುತ್ತೆ. ಮೇಲಿನವರು ಹೆದರಿದ್ದಾರೆ. ಎಲ್ಲರೂ ಮಾಸ್ಕ್ ಹಾಕಬೇಕು, ಸರ್ಕಾರದ ಆರ್ಡರ್."

"ನಾನು ಮಾಸ್ಕ್ ಹಾಕಿದ್ರೆ ಊದೋದು ಹೇಗೆ?"

"ನೀವಲ್ಲ ಲಾ," ಎಂದು ಅವರು ಬೆರಳು ಚಾಚಿದರು. "ಅದು."

ಪರದೇಶದಲ್ಲಿ ಬದುಕುವವನಿಗೆ ವೀಸಾದ ಭಯ ಬೇರೆ. ಆದರೆ ನಂಜುಂಡಪ್ಪ ಬಗ್ಗುವ ಆಳಲ್ಲ. ಸ್ಯಾಕ್ಸೊಫೋನಿಗೆ ಮಾಸ್ಕು ಬೇಕೇ? ಹಾಕೋಣ! ಸ್ವರ್ಣಲತಾಳ ಹಸಿರು ರವಿಕೆ ಕಣವನ್ನು ವಾದ್ಯದ ಅಗಲ ಬಾಯಿಗೆ ಕಟ್ಟಿ, ಅಂಚಿನಲ್ಲಿದ್ದ ಜರಿ ಮುಂದಕ್ಕೆ ಬರುವಂತೆ ನೆರಿಗೆ ಹಿಡಿದು, ಅದೇ ಸಂಜೆ ಮತ್ತೆ ಬಾಲ್ಕನಿಗೆ ಬಂದು ನಿಂತೆ. ಕೆಳಗಿನಿಂದ ಅಜ್ಮಾನ್ ಸಾಹೇಬರು ಕತ್ತೆತ್ತಿ ನೋಡಿದರು. ತಪ್ಪು ಹಿಡಿಯಲು ಏನೂ ಸಿಗಲಿಲ್ಲ. ಹಣೆ ಹಣೆ ಚಚ್ಚಿಕೊಂಡು ಒಳಗೆ ಹೋದರು. ಈ ಮಲೇಷ್ಯಾದಲ್ಲಿ ಸರ್ಕಾರದ ಆಜ್ಞೆಯನ್ನು ಇಷ್ಟು ಚೊಕ್ಕವಾಗಿ ಪಾಲಿಸಿದ ವಾದ್ಯ ನನ್ನದೊಂದೇ.

ಮದುವೆಯ ದಿನ ಬಂತು. ಮೈಸೂರಿನಲ್ಲಿ ಮುಹೂರ್ತ ಬೆಳಿಗ್ಗೆ ಹತ್ತೂವರೆಗೆ. ನಮ್ಮಲ್ಲಿ ಆಗ ಮಧ್ಯಾಹ್ನ ಒಂದು ಗಂಟೆ, ಅಂಕಲ್ ಲಿಮ್ ಉಂಡು ಮಲಗುವ ಸಮಯ. ನಾನು ರೇಷ್ಮೆ ಪಂಚೆ, ಶಲ್ಯ, ಮೈಸೂರು ಪೇಟ ತೊಟ್ಟು ಬಾಲ್ಕನಿಯ ಬಾಗಿಲಲ್ಲಿ ಆಫೀಸಿನ ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ನಿಂತೆ. ನಮ್ಮ ಜರಡಿ ಅದರಲ್ಲಿ ಇದ್ದೇ ಇತ್ತು. ಅದರ ಗುಂಡಿಯನ್ನು ಕೊನೆಯ ಮಟ್ಟದವರೆಗೆ ತಿರುಗಿಸಿಟ್ಟೆ. ಪಾರ್ವತಿ ಅಕ್ಕನ ಕುಕ್ಕರು, ಎದುರು ಬೀದಿಯ ನಾಯಿ, ಯಾವುದೂ ನನ್ನ ಗಟ್ಟಿಮೇಳದ ಪಾವಿತ್ರ್ಯ ಕೆಡಿಸಬಾರದು. ಎಂಥ ಮುಂದಾಲೋಚನೆ!

ಪರದೆಯ ಮೇಲೆ ಅಕ್ಕನ ಮನೆಯ ಮಹಡಿ ಕಾಣಿಸಿತು. ಮಾಸ್ಕು ತೊಟ್ಟ ಐವತ್ತು ಮುಖ. ಮುಂದಿನ ಸಾಲಿನಲ್ಲೇ ತುಂಗಮ್ಮನವರು, ಪಕ್ಕದಲ್ಲಿ ಜನಾರ್ದನ ಭಾವ. ಹೋಮದ ಹೊಗೆ ನೆಟ್ಟಗೆ ಅವರ ಕಡೆಗೇ ಹೋಗುತ್ತಿತ್ತು. ಅವರ ಮಾಸ್ಕು ಆಗಲೇ ಒಂದೆರಡು ಸಲ ಉಬ್ಬಿ ಇಳಿದದ್ದನ್ನು ಕಂಡು ಅಕ್ಕ ಕ್ಯಾಮೆರಾದ ಕಡೆ ತಿರುಗಿ ಎರಡು ಕೈಯನ್ನೂ ಜೋಡಿಸಿದಳು. ಅವಳ ಕಣ್ಣಲ್ಲಿದ್ದುದು ದೇವರ ಮುಂದೆ ಇಡುವ ಬೇಡಿಕೆ. ಸತ್ಯ ಹೇಳಬೇಕೆಂದರೆ ಆಗ ಮಾತ್ರ ನಾನು ಸರಿಯಾಗಿಯೇ ಇದ್ದ ಪೇಟವನ್ನು ಎರಡು ಸಲ ಸರಿಮಾಡಿಕೊಂಡೆ. ಅಕ್ಕ ನನ್ನನ್ನು ಯಾವುದಕ್ಕೂ ನಂಬಿದವಳಲ್ಲ. ಇದೊಂದಕ್ಕೆ ನಂಬಿದ್ದಳು.

ಮಾಂಗಲ್ಯ ಮೇಲೆದ್ದಿತು. ಜನಾರ್ದನ ಭಾವನ ಹುಬ್ಬುಗಳು ಮೇಲೆದ್ದವು. ಕಣ್ಣು ಮುಚ್ಚಿತು. ಮಾಸ್ಕಿನೊಳಗೆ ಬಾಯಿ ತೆರೆಯಿತು.

"ಗಟ್ಟಿಮೇಳ!" ಎಂದರು ಪುರೋಹಿತರು.

ಊದಿದೆ. ಹುಟ್ಟಿದಾಗಿನಿಂದ ಕೂಡಿಟ್ಟ ಉಸಿರನ್ನೆಲ್ಲ ಊದಿದೆ. ರವಿಕೆ ಕಣ ಹಾಯಿಪಟದಂತೆ ಉಬ್ಬಿತು, ಕೆನ್ನೆ ಎರಡು ಕುಂಬಳಕಾಯಿಯಾಯಿತು, ಪೇಟ ಹಿಂದಕ್ಕೆ ಜಾರಿತು. ಮರುಗಳಿಗೆಗೆ ಮೇಲಿನಿಂದ ಅಂಕಲ್ ಲಿಮ್ ಅವರ ಬಾಣಲೆ ಠಣ್ಣೆಂದಿತು. ಪಾರ್ವತಿ ಅಕ್ಕನ ತಟ್ಟೆ, ಕೆಳಗಿನ ಬಕೆಟ್ಟು, ಎದುರು ಬ್ಲಾಕಿನ ಮುಚ್ಚಳ, ಎಲ್ಲಿಂದಲೋ ಒಂದು ಗಂಟೆ. ಅಂದು ಭಾನುವಾರ, ಎಲ್ಲರೂ ಮನೆಯಲ್ಲೇ ಇದ್ದರು. ಎಲ್ಲರೂ ಮಲಗಿದ್ದರು ಬೇರೆ. ನಿದ್ದೆಯಿಂದೆದ್ದು ಬಡಿಯುವವರ ಕೈಯಲ್ಲಿ ಎಂಥ ಶಕ್ತಿಯಿರುತ್ತದೆಂದು ಅಂದು ತಿಳಿಯಿತು. ಕಟ್ಟಡದ ತಳಪಾಯ ನಡುಗಿತು. ದಕ್ಷಿಣ ಚೀನಾ ಸಮುದ್ರದಲ್ಲಿ ಅಲೆಯೆದ್ದಿರಲೂ ಸಾಕು.

ಮೈಸೂರಿನಲ್ಲಿ ತಾಳಿ ಕೊರಳಿಗೆ ಬಿತ್ತು. ಅಕ್ಷತೆ ಬಿತ್ತು. ಜನಾರ್ದನ ಭಾವನ ತಲೆ ಮುಂದಕ್ಕೆ ಎಗರಿ ಮಾಸ್ಕು ಕಿವಿಯಿಂದ ಕಳಚಿ ಗಲ್ಲಕ್ಕೆ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಒಬ್ಬರೂ ಅತ್ತ ತಿರುಗಿ ನೋಡಲಿಲ್ಲ. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಗೆದ್ದೆ! ಸ್ಯಾಕ್ಸೊಫೋನನ್ನು ಕೆಳಗಿಳಿಸಿದೆ. ಅತ್ತಲಿಂದ ಚಪ್ಪಾಳೆ ಕೇಳಿಸಿತು.

"ನಂಜ!" ಎಂದು ಅಕ್ಕ ಕೂಗಿದಳು. "ಎಂಥಾ ತಾಳ ಕಣೋ! ನಮ್ಮೂರಲ್ಲಿ ಹತ್ತು ಡೋಲು ಇಟ್ಟಿದ್ರೂ ಹೀಗೆ ಕೇಳಿಸ್ತಿರಲಿಲ್ಲ!"

"ನನ್ನ ಮೇಳ ಅಕ್ಕ. ಎಲ್ಲ ಅಂತಾರಾಷ್ಟ್ರೀಯ ಕಲಾವಿದರು. ನನ್ನ ಜೊತೆಗಲ್ಲದೆ ಬೇರೆಯವರಿಗೆ ಬಾರಿಸೋದೇ ಇಲ್ಲ" ಎಂದೆ. ಕೊನೆಯ ಮಾತಂತೂ ಅಪ್ಪಟ ಸತ್ಯ.

ಮದುಮಗಳು ಚೈತನ್ಯಾ ಬಾಸಿಂಗ ಸರಿಮಾಡಿಕೊಳ್ಳುತ್ತ ಪರದೆಯ ಹತ್ತಿರ ಬಂದಳು. "ಮಾಮ, ಆದ್ರೆ ನಿಮ್ಮ ಸ್ಯಾಕ್ಸೊಫೋನ್ ಕೇಳಿಸ್ಲೇ ಇಲ್ವಲ್ಲ? ಬರೀ ಕೆನ್ನೆ ಕಾಣಿಸ್ತಿತ್ತು."

"ತಾಳದಲ್ಲಿ ಮುಳುಗಿರಬೇಕು ಪುಟ್ಟಿ."

"ಹಾಗಾದ್ರೆ ಈಗ ನೀವೊಬ್ರೇ ಊದಿ. ನನಗೋಸ್ಕರ."

ಮದುಮಗಳು ಕೇಳಿದರೆ ಇಲ್ಲವೆನ್ನಲಾದೀತೇ? ಊದಿದೆ. ಮೈಸೂರಿನ ಐವತ್ತು ಜನ ಟೀವಿಯ ಕಡೆ ಕಿವಿ ಚಾಚಿದರು. ನಾನು ಬೆವರಿದೆ, ಕುಣಿದೆ, ಕೊರಳ ನರ ಹಗ್ಗದಂತೆ ಉಬ್ಬಿಸಿದೆ. ಅವರ ಮುಖದಲ್ಲಿ ಏನೂ ಆಗಲಿಲ್ಲ.

"ನೆಟ್‌ವರ್ಕ್ ಹೋಯ್ತಾ?" ಎಂದರು ಯಾರೋ.

"ಇಲ್ಲ, ಕಣ್ಣು ಮಿಟುಕಿಸ್ತಾವ್ನೆ ನೋಡಿ," ಎಂದರು ತುಂಗಮ್ಮನವರು. "ಹೆಂಡ್ತಿ ಅಡುಗೆಮನೇಲಿ ಮಿಕ್ಸಿ ತಿರುಗಿಸೋದು ಕೂಡ ಸಣ್ಣಗೆ ಕೇಳಿಸ್ತದೆ. ಇವನದ್ದು ಮಾತ್ರ ಇಲ್ಲ. ಏನಪ್ಪ, ಊದೋ ಹಾಗೆ ನಟನೆ ಮಾಡ್ತಿದೀಯಾ?"

"ರವಿಕೆ ಕಣ ದಪ್ಪ ಇತ್ತು" ಎಂದು ಕಣ ಕಿತ್ತೆಸೆದು ಮತ್ತೆ ಊದಿದೆ. ಮತ್ತೆ ಮೌನ.

ಅಷ್ಟರಲ್ಲಿ ನಮ್ಮ ಬಾಗಿಲು ಬಡಿಯಿತು. ಕೈಯಲ್ಲಿ ಬಡಿದ ಸದ್ದಲ್ಲ, ಬಾಣಲೆಯಲ್ಲಿ ಬಡಿದದ್ದು. ಸ್ವರ್ಣಲತಾ ಬಾಗಿಲು ತೆರೆದಳು. ಹೊರಗಿನ ಓಣಿಯಲ್ಲಿ ಮಾಸ್ಕು ತೊಟ್ಟು, ಒಬ್ಬರಿಂದೊಬ್ಬರು ದೂರ ನಿಂತು, ಅಂಕಲ್ ಲಿಮ್ ಬಾಣಲೆಯೊಂದಿಗೆ, ಪಾರ್ವತಿ ಅಕ್ಕ ತಟ್ಟೆಯೊಂದಿಗೆ, ಅವರ ಹಿಂದೆ ಅಜ್ಮಾನ್ ಸಾಹೇಬರು ಬರಿಗೈಯಲ್ಲಿ.

"ಎನ್ನ ತಂಬಿ ಇದು!" ಎಂದು ಪಾರ್ವತಿ ಅಕ್ಕ ತಮಿಳಿನಲ್ಲಿ ಗದರಲು ಶುರುಮಾಡಿದರು. ಲ್ಯಾಪ್‌ಟಾಪಿನಲ್ಲಿ ಮಂಟಪ, ಬಾಳೆಕಂಬ, ಬಾಸಿಂಗ ತೊಟ್ಟ ಹುಡುಗಿಯನ್ನು ಕಂಡರು. ತಟ್ಟೆ ಕೆಳಗಿಳಿಯಿತು. "ಐಯೋ... ಕಲ್ಯಾಣಮಾ?"

"ಹೌದಕ್ಕ. ನನ್ನ ಅಕ್ಕನ ಮಗಳದು. ಗಟ್ಟಿಮೇಳಕ್ಕೆ ಊದಿದೆ."

"ಕೆಟ್ಟಿಮೇಳಮಾ!" ಅವರು ಹಣೆ ಬಡಿದುಕೊಂಡರು. "ಎರಡು ತಿಂಗಳಿಂದ ಇದನ್ನು ಹೇಳಕ್ಕೆ ಬಾಯಿ ಇರಲಿಲ್ಲವಾ ತಂಬಿ? ಹೇಳಿದ್ದರೆ ನಮ್ಮ ಕೋವಿಲಿನ ದೊಡ್ಡ ಹಂಡೇನೇ ತರುತ್ತಿದ್ದೆ!" ಹೀಗೆಂದು ತಮಿಳಿನಲ್ಲಿ ನನ್ನನ್ನು ಅರೆದು ಹುಡಿಮಾಡಿ, ಅಂಕಲ್ ಲಿಮ್ ಅವರ ಕಡೆ ತಿರುಗಿ ಅವರ ಭಾಷೆಯಲ್ಲಿ ವಿವರಿಸಿದರು.

"ವೆಡ್ಡಿಂಗ್ ಆ?" ಅಂಕಲ್ ಲಿಮ್ ಬಾಣಲೆಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡರು. "ವೈ ಯು ನೆವರ್ ಸೇ ಲಾ!"

ಲ್ಯಾಪ್‌ಟಾಪಿನಿಂದ ತುಂಗಮ್ಮನವರ ಧ್ವನಿ ಬಂತು. "ಅವರೇನಾ ಡೋಲಿನೋರು? ಮುಂದೆ ಬರಕ್ಕೆ ಹೇಳು, ಅಕ್ಷತೆ ಹಾಕ್ತೀನಿ!"

ನಾನು ಲ್ಯಾಪ್‌ಟಾಪನ್ನು ಮುಚ್ಚಲು ಹಾರಿದೆ. ಸ್ವರ್ಣಲತಾ ನನಗಿಂತ ಮೊದಲೇ ಅದನ್ನೆತ್ತಿ ಬಾಗಿಲ ಕಡೆ ತಿರುಗಿಸಿದ್ದಳು. ಮೈಸೂರಿನವರು ಬಾಣಲೆ ಕಂಡರು, ತಟ್ಟೆ ಕಂಡರು. ತುಂಗಮ್ಮನವರಿಗೆ ತಮಿಳು ಚೆನ್ನಾಗಿ ಬರುತ್ತದೆ, ಅವರ ತವರು ಚಾಮರಾಜನಗರದ ಕಡೆ. "ಎಷ್ಟು ವರ್ಷದಿಂದ ಇವನ ಜೊತೆ ಬಾರಿಸ್ತಿದೀರಮ್ಮ?" ಎಂದು ತಮಿಳಿನಲ್ಲಿ ಕೇಳಿಯೇಬಿಟ್ಟರು.

"ಜೊತೆಗಾ? ಇವನು ನಿಲ್ಲಿಸಲಿ ಅಂತ ಬಾರಿಸಿದ್ದಮ್ಮ! ನಾವು ಬಡಿದಷ್ಟೂ ಇವನು ಬಗ್ಗಿ ಬಗ್ಗಿ ವಣಕ್ಕಂ ಹಾಕ್ತಾನೆ. ಇವನಿಗೆ ತಲೆ ಸರಿಯಿಲ್ಲ ಅಂತ ಲಿಮ್ ಮೇಷ್ಟ್ರು ಬೆಲ್ಲದ ಮಿಠಾಯಿ ಡಬ್ಬೀಲಿ ಹತ್ತಿ ಇಟ್ಟು ಕಳಿಸಿದರು. ಆ ಹತ್ತಿ ಈಗ ಅವರಿಗೇ ಇಲ್ಲ."

ತುಂಗಮ್ಮನವರು ಇದನ್ನು ಐವತ್ತು ಜನಕ್ಕೂ ಕನ್ನಡದಲ್ಲಿ ಸಾವಧಾನವಾಗಿ ಹೇಳಿದರು. ಮೈಸೂರುಪಾಕನ್ನು ಬೆಲ್ಲದ ಮಿಠಾಯಿಯೆಂದದ್ದನ್ನೂ ತಿದ್ದಲಿಲ್ಲ. ನನಗೆ ಹೆಚ್ಚು ನೋವಾದದ್ದು ಅದೇ.

"ಲೋ ನಂಜ," ಎಂದಳು ಅಕ್ಕ. "ಅವರು ಬಡಿದದ್ದು ಕೇಳಿಸ್ತು. ನಿಂದು ಯಾಕೆ ಕೇಳಿಸ್ಲಿಲ್ಲ? ನಿಜ ಬೊಗಳು."

"ಅದು ಸ್ವಲ್ಪ ತಾಂತ್ರಿಕ ವಿಷಯ ಅಕ್ಕ, ನಿಂಗರ್ಥ ಆಗ—"

"ಹೇಳ್ತೀರಾ, ನಾನು ಹೇಳ್ಬೇಕಾ?" ಎಂದಳು ಸ್ವರ್ಣಲತಾ. ಅವಳಿಗೆ ಗೊತ್ತಿತ್ತು! ಗಂಡ ಮನೆಯಿಂದ ಕೆಲಸ ಮಾಡಿದರೆ ಆಗುವ ಅನಾಹುತ ಇದು.

ಹೇಳಿದೆ. ಆಫೀಸಿನ ಸುಮಂತ ಪಾತ್ರೆ ಬಡಿಯುವ ಸದ್ದು ಕಳಿಸಿ ಎಂದಿದ್ದ. ನನಗೆ ಪಾತ್ರೆ ಬಡಿಯಲು ಪುರಸೊತ್ತಿರಲಿಲ್ಲ, ಗಟ್ಟಿಮೇಳದ ಅಭ್ಯಾಸವಿತ್ತು. ರಸಿಕರ ತಾಳ ಸೇರದಿರಲೆಂದು ಕೋಣೆಯ ಬಾಗಿಲು ಹಾಕಿಕೊಂಡು ಮುದ್ರಿಸಿದ್ದ ಅಭ್ಯಾಸವನ್ನೇ 'ಪಾತ್ರೆ' ಎಂದು ಹೆಸರಿಟ್ಟು ಕಳಿಸಿಬಿಟ್ಟೆ. ಇನ್ನೊಂದು ಲಾಭವೂ ಇತ್ತು. ಜರಡಿ ಅದನ್ನು ಕಲಿತ ಮೇಲೆ ಮೀಟಿಂಗಿನ ಮಧ್ಯೆ ಎಷ್ಟು ಊದಿದರೂ ಯಾರಿಗೂ ಕೇಳಿಸುತ್ತಿರಲಿಲ್ಲ. ಸಹೋದ್ಯೋಗಿಗಳ ಸುಸಂಸ್ಕೃತಿ ಎಂದೆನಲ್ಲ, ಅದು ಇದೇ. ಹಾಗಾಗಿ ಇಂದು ಜರಡಿ ತಾನು ಕಲಿತಂತೆಯೇ ನಡೆದುಕೊಂಡಿತು: ನನ್ನ ಸ್ಯಾಕ್ಸೊಫೋನನ್ನು ಪಾತ್ರೆಯೆಂದು ಗುರುತಿಸಿ ಕತ್ತು ಹಿಡಿದು ನೂಕಿತು. ನಿಜವಾದ ಪಾತ್ರೆಗಳನ್ನು ಅದು ಜನ್ಮದಲ್ಲಿ ಕೇಳಿರಲಿಲ್ಲ, ಮರ್ಯಾದಸ್ಥ ನೆಂಟರೆಂದು ಮೈಸೂರಿನವರೆಗೂ ಕಳಿಸಿಕೊಟ್ಟಿತು.

"ಸುಮಂತಂಗೆ ಸಂಶಯ ಬರಲಿಲ್ವಾ?" ಎಂದು ಚೈತನ್ಯಾ ಕೇಳಿದಳು.

"'ಸರ್, ಇದ್ಯಾವ ಪಾತ್ರೆ? ಇಷ್ಟು ಕರ್ಕಶವಾದದ್ದು ನಾನು ಜೀವಮಾನದಲ್ಲಿ ಕೇಳಿಲ್ಲ, ಫಸ್ಟ್ ಕ್ಲಾಸ್ ಸ್ಯಾಂಪಲ್' ಅಂದ."

ಮೈಸೂರಿನಲ್ಲಿ ನಗು ಏಳುವುದರೊಳಗೆ ತುಂಗಮ್ಮನವರು ಕೈಯೆತ್ತಿದರು. ಅಕ್ಕನ ಮುಖ ಬಿಳುಚಿತು.

"ಸೀನು ಯಾರಿಗಾದ್ರೂ ಕೇಳಿಸ್ತಾ?"

"ನಾನು ಸೀನಿದೆ ಅಮ್ಮ," ಎಂದರು ಜನಾರ್ದನ ಭಾವ. ಪ್ರಾಮಾಣಿಕ ಮನುಷ್ಯ.

"ಯಾವಾಗ?"

"ಆಗಲೇ. ತಾಳಿ ಕಟ್ಟೋವಾಗ."

"ಸುಳ್ಳು. ನಾನು ಪಕ್ಕದಲ್ಲೇ ಕೂತಿದ್ದೆ, ನನಗೆ ಕೇಳಿಸ್ಲಿಲ್ಲ" ಎಂದು ತುಂಗಮ್ಮನವರು ತೀರ್ಪು ಕೊಟ್ಟು, ಒಂದು ಹಿಡಿ ಅಕ್ಷತೆ ತೆಗೆದು ಟೀವಿಯ ಮೇಲೆ, ಅಂಕಲ್ ಲಿಮ್ ಅವರ ತಲೆಯಿದ್ದ ಜಾಗಕ್ಕೆ ಹಾಕಿದರು. ಮೇಷ್ಟ್ರು ಬಾಣಲೆಯನ್ನು ಎದೆಗೊತ್ತಿಕೊಂಡು ಬಾಗಿದರು. ನಾನು ಬಾಗುತ್ತಿದ್ದ ರೀತಿಯಲ್ಲೇ, ಎದೆಯ ಮೇಲೆ ಕೈಯಿಟ್ಟು.

ಅಕ್ಕ ಮೂಗೊರೆಸಿಕೊಂಡು ನಕ್ಕಳು. "ನಾಳೆ ಬೀಗರ ಔತಣ. ಅವರಿಗೂ ಬರಕ್ಕೆ ಹೇಳೋ" ಎಂದಳು. "ನೀನೂ ಬಾ. ಸುಮ್ನೆ ಕೂತ್ಕೋಬೇಕು."

ಆಯಿತು, ನೀವೂ ಕೇಳಿಬಿಟ್ಟಿದ್ದೀರಿ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹೆಲಿಕಾಪ್ಟರ್ ಯಾವತ್ತೂ ಬಂದಿರಲಿಲ್ಲ. ಕೌಲಾಲಂಪುರದಲ್ಲಿ ನಾನು ಊದಿದ ಮೊದಲ ಮದುವೆ ಇದು, ಇದರಲ್ಲೂ ನಾನು ಊದಿದ್ದು ಯಾರಿಗೂ ಕೇಳಿಸಲಿಲ್ಲ. ಮಲೇಷ್ಯಾದ ಜನ ನನ್ನ ಸ್ಯಾಕ್ಸೊಫೋನ್ ಕೇಳಬೇಕೆಂದು ಮನೆಯಲ್ಲಿ ಕೂತವರಲ್ಲ. ಹೊರಗೆ ಹೋಗುವ ಹಾಗಿರಲಿಲ್ಲ, ಅದಕ್ಕೇ ಕೇಳಿದರು.